ಪಂಚಾಚಾರ ಮತ್ತು ಕಾಲೇಜಿನ ಮೊದಲ ವರ್ಷ

ವೀರಶೈವ ಧರ್ಮದಲ್ಲಿ ಅರಿವಿಗೆ ಗುರುವಿನ ಸ್ಥಾನವುಂಟು. ಆದರೆ ಆಚಾರವನ್ನು ಬಿಟ್ಟ ಅರಿವನ್ನು ಶರಣರು ಎಂದಿಗೂ ಮನ್ನಿಸಲಿಲ್ಲ. ಓದಿದವನು ಹೇಗೆ ನಡೆಯುತ್ತಾನೆ ಎಂಬುದರ ಮೇಲೆ ಅವನ ಓದಿನ ಬೆಲೆಯನ್ನು ಅವರು ಕಟ್ಟಿದರು. ಆದುದರಿಂದ ತರುಣನೊಬ್ಬನು ಮನೆಯಿಂದ ಹೊರಟು ವಿಶ್ವವಿದ್ಯಾನಿಲಯದ ಬಾಗಿಲನ್ನು ಪ್ರವೇಶಿಸುವಾಗ, ಅವನ ಬುದ್ಧಿಗೆ ಪರೀಕ್ಷೆ ಇರುವಂತೆಯೇ ಅವನ ಆಚಾರಕ್ಕೂ ಪರೀಕ್ಷೆಯುಂಟು. ಬುದ್ಧಿಯ ಪರೀಕ್ಷೆಗೆ ದಿನವು ಗೊತ್ತಾಗಿರುತ್ತದೆ. ಆಚಾರದ ಪರೀಕ್ಷೆಯು ಮೊದಲ ದಿನವೇ ಆರಂಭವಾಗಿಬಿಡುತ್ತದೆ. ಈ ಎರಡನೆಯದಕ್ಕೆ ಸಿದ್ಧನಾಗದೆ ಹೋದವನು ಮೊದಲನೆಯದರಲ್ಲಿಯೂ ಎಡವುವುದನ್ನು ಪ್ರತಿ ವರ್ಷವೂ ಕಾಣಬಹುದು. ಹಳ್ಳಿಯ ಶಾಲೆಯಲ್ಲಿ ಚೆನ್ನಾಗಿ ಓದುತ್ತಿದ್ದ ಮಕ್ಕಳು ಕಾಲೇಜಿನ ಮೊದಲ ವರ್ಷದಲ್ಲಿಯೇ ಕಂಗೆಟ್ಟು ಹಿಂದಿರುಗುವುದಕ್ಕೆ ಕಾರಣವು ಬುದ್ಧಿಯ ಕೊರತೆಯೇ ಆಗಿರಬೇಕೆಂದಿಲ್ಲ. ಹೊಸ ಲೋಕದಲ್ಲಿ ನಿಲ್ಲಲು ಕಾಲಿಗೊಂದು ನೆಲೆ ಸಿಗದಿರುವುದೇ ಅನೇಕ ವೇಳೆ ಅದಕ್ಕೆ ಕಾರಣ. ಆ ನೆಲೆಯನ್ನು ಶರಣರ ಬೋಧೆಯಲ್ಲಿ ಅರಸುವುದು ಈ ಪಾಠದ ಉದ್ದೇಶ.

ಸಮೀಪದ ನಗರ, ದೂರದ ಲೋಕ

ಹೊಸಕೋಟೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಅನುಗೊಂಡನಹಳ್ಳಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಅಲ್ಲಿಂದ ಬೆಂಗಳೂರು ದೂರವೇನಲ್ಲ. ಒಂದು ಕಡೆಗೆ ಹೋದರೆ ಹೊಸಕೋಟೆ, ಇನ್ನೊಂದು ಕಡೆಗೆ ಹೋದರೆ ಕಾಡುಗೋಡಿ. 2023ನೆಯ ಅಕ್ಟೋಬರ್ ತಿಂಗಳಿನಿಂದ ಕಾಡುಗೋಡಿಯಲ್ಲಿ ಮೆಟ್ರೋ ರೈಲು ಹತ್ತಿದವನು ನಡುವೆ ಎಲ್ಲಿಯೂ ಇಳಿಯದೆ ಸೆಂಟ್ರಲ್ ಕಾಲೇಜಿನ ನಿಲ್ದಾಣವನ್ನು ಸೇರಬಹುದು. ಅದೇ ಹಳಿಯ ಮೇಲೆ ಮುಂದುವರಿದರೆ ಜ್ಞಾನಭಾರತಿಯನ್ನೂ ಮುಟ್ಟಬಹುದು. ಇಷ್ಟು ಸಮೀಪವಿರುವುದರಿಂದ ಮನೆಯ ಹಿರಿಯರು, ‘ಮಗನು ಎಲ್ಲಿಗೂ ದೂರ ಹೋಗುತ್ತಿಲ್ಲ, ಸಂಜೆಗೆ ಮನೆಗೇ ಬರುತ್ತಾನೆ, ಅವನಿಗೇನು ಕಷ್ಟ’ ಎಂದು ನೆಮ್ಮದಿಯಿಂದಿರುತ್ತಾರೆ.

ಆದರೆ ದೂರವನ್ನು ಮೈಲಿಗಳಲ್ಲಿ ಮಾತ್ರವೇ ಅಳೆಯಲಾಗದು. ಬೆಳಗ್ಗೆ ರಾಗಿಯ ಹೊಲದ ಬದುವಿನ ಮೇಲೆ ನಡೆದು, ಡೈರಿಗೆ ಹಾಲು ಹಾಕಿ, ಬಸ್ಸು ಹಿಡಿದ ತರುಣನು ಎರಡು ಗಂಟೆಗಳೊಳಗೆ ಮತ್ತೊಂದು ಭಾಷೆ, ಮತ್ತೊಂದು ಉಡುಪು, ಮತ್ತೊಂದು ಮರ್ಯಾದೆಯ ನಡುವೆ ಕುಳಿತಿರುತ್ತಾನೆ. ಸಂಜೆ ಹಿಂದಿರುಗಿದಾಗ ಮನೆಯವರಿಗೆ ಅದನ್ನು ವಿವರಿಸಲು ಅವನಲ್ಲಿ ಮಾತುಗಳಿಲ್ಲ. ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಯಾದರೋ ಒಂದು ಸಲ ಮನೆಯನ್ನು ಬಿಟ್ಟು ಒಂದು ಸಲ ಅಳುತ್ತಾನೆ. ದಿನವೂ ಹೋಗಿಬರುವವನು ದಿನಕ್ಕೆರಡು ಬಾರಿ ಲೋಕವನ್ನು ಬದಲಿಸಬೇಕು. ಮನೆಯಲ್ಲಿ ಅವನು ಕಾಲೇಜಿಗೆ ಹೋಗುವ ಮಗ, ಕಾಲೇಜಿನಲ್ಲಿ ಹಳ್ಳಿಯಿಂದ ಬಂದ ಹುಡುಗ. ಎರಡೂ ಕಡೆಗಳಲ್ಲಿ ಅರ್ಧ ಪರಕೀಯನಾದ ಈ ಸ್ಥಿತಿಯು ನಗರದ ಅಂಚಿನ ಊರುಗಳ ವಿಶೇಷ ಸಂಕಟವೆಂಬುದನ್ನು ಮೊದಲು ಮನಗಾಣಬೇಕು. ರೋಗವನ್ನು ಗುರುತಿಸದೆ ಔಷಧವನ್ನು ಕೊಡಲಾಗದಷ್ಟೆ.

ಮನೆಯಿಂದ ಹೊರಟ ಮಹನೀಯರು

ಶರಣರ ಚರಿತ್ರೆಯು ಬಹುಮಟ್ಟಿಗೆ ಮನೆಯಿಂದ ಹೊರಟವರ ಚರಿತ್ರೆಯೇ ಆಗಿದೆ. ಬಸವಣ್ಣನವರು ಎಳೆಯ ವಯಸ್ಸಿನಲ್ಲಿ ಬಾಗೇವಾಡಿಯ ಮನೆಯನ್ನು ಬಿಟ್ಟು, ಕೃಷ್ಣೆ ಮಲಪ್ರಭೆಗಳು ಕೂಡುವ ಸಂಗಮ ಕ್ಷೇತ್ರಕ್ಕೆ ವಿದ್ಯಾರ್ಥಿಯಾಗಿ ಬಂದರೆಂದು ಪರಂಪರೆಯು ಹೇಳುತ್ತದೆ. ಅಕ್ಕ ನಾಗಮ್ಮನವರು ಅವರಿಗೆ ಆಸರೆಯಾಗಿ ನಿಂತರೆಂಬ ಮಾತೂ ಉಂಟು. ಮಹಾಪುರುಷರಾಗಲಿರುವವರಿಗೂ ಎಳವೆಯಲ್ಲಿ ತಮ್ಮವರೊಬ್ಬರ ಆಸರೆ ಬೇಕಾಯಿತೆಂಬುದು ಇಲ್ಲಿ ಗಮನಾರ್ಹ. ಉಡುತಡಿಯಿಂದ ಒಂಟಿಯಾಗಿ ಹೊರಟ ಮಹಾದೇವಿಯಕ್ಕನವರು ಕಲ್ಯಾಣಕ್ಕೆ ಬಂದಾಗ ಅವರನ್ನು ಹೂವಿನ ಹಾರವು ಎದುರುಗೊಳ್ಳಲಿಲ್ಲ. ಅಲ್ಲಮಪ್ರಭುಗಳ ಕಠಿಣವಾದ ಪ್ರಶ್ನೆಗಳು ಎದುರುಗೊಂಡವು. ಆ ಸಂವಾದವನ್ನು ಶೂನ್ಯಸಂಪಾದನೆಯು ವಿಸ್ತಾರವಾಗಿ ನಿರೂಪಿಸುತ್ತದೆ. ಪ್ರಶ್ನೆಗಳಿಗೆ ಹೆದರಿ ಅಕ್ಕನವರು ಹಿಂದಿರುಗಲಿಲ್ಲ. ಪ್ರಶ್ನಿಸಿದವರ ಮೇಲೆ ಮುನಿಯಲೂ ಇಲ್ಲ. ಪ್ರಶ್ನೆಯನ್ನು ಅವಮಾನವೆಂದು ತಿಳಿಯದೆ, ತನ್ನನ್ನು ತಾನು ಅರಿಯುವ ಸಾಧನವೆಂದು ತಿಳಿದದ್ದೇ ಅವರ ಹಿರಿಮೆ. ಕಾಲೇಜಿನ ತರಗತಿಯಲ್ಲಿ ಎದ್ದುನಿಂತು ಉತ್ತರಿಸಲು ಅಂಜುವ ವಿದ್ಯಾರ್ಥಿನಿಗೆ ಇದಕ್ಕಿಂತ ದೊಡ್ಡ ಆದರ್ಶವು ಬೇಕಿಲ್ಲ.

ಇತ್ತೀಚಿನ ಕಾಲಕ್ಕೆ ಬಂದರೆ, ಮಾಗಡಿ ತಾಲ್ಲೂಕಿನ ವೀರಾಪುರದ ಬಾಲಕ ಶಿವಣ್ಣನವರ ನಿದರ್ಶನವಿದೆ. 1907ರಲ್ಲಿ ಜನಿಸಿದ ಅವರು 1926ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ, ಮರುವರ್ಷ ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನು ಸೇರಿದರು. ವಸತಿಗೆ ಗುಬ್ಬಿ ತೋಟದಪ್ಪನವರ ಹೆಸರಿನ ಉಚಿತ ವಿದ್ಯಾರ್ಥಿನಿಲಯವು ಆಶ್ರಯವಾಯಿತು. ಹಳ್ಳಿಯ ಹುಡುಗನಿಗೆ ಆ ಕಾಲದ ಬೆಂಗಳೂರು ಇಂದಿಗಿಂತ ಕಡಿಮೆ ಅಪರಿಚಿತವಾಗಿದ್ದೀತೆಂದು ಭಾವಿಸಲು ಕಾರಣವಿಲ್ಲ. 1930ರ ಮಾರ್ಚಿಯಲ್ಲಿ ಅವರು ವಿರಕ್ತಾಶ್ರಮವನ್ನು ಸ್ವೀಕರಿಸಿ ಶ್ರೀ ಶಿವಕುಮಾರ ಸ್ವಾಮಿಗಳಾದರು; ಪದವಿಯು ಪೂರ್ಣವಾಗಲಿಲ್ಲ. ಆದರೆ ಪರರ ಅನ್ನದಿಂದ ಓದಿದ ಆ ವಿದ್ಯಾರ್ಥಿಯು ಮುಂದೆ 2019ರಲ್ಲಿ ಲಿಂಗೈಕ್ಯರಾಗುವವರೆಗೆ ಸಾವಿರಾರು ಮಕ್ಕಳಿಗೆ ಅನ್ನ ವಸತಿ ವಿದ್ಯೆಗಳನ್ನು ನೀಡಿದುದನ್ನು ನಾಡೆಲ್ಲವೂ ಕಂಡಿದೆ. ಓದನ್ನು ನಡುವೆ ಬಿಡುವುದಕ್ಕೆ ಇದನ್ನು ಯಾರೂ ನೆಪಮಾಡಿಕೊಳ್ಳಬಾರದು. ತಾನು ಪಡೆದುದನ್ನು ನೂರ್ಮಡಿಯಾಗಿ ಹಿಂದಿರುಗಿಸುವ ಬುದ್ಧಿಯನ್ನು ಇದರಿಂದ ಕಲಿಯಬೇಕು.

ವಚನಗಳನ್ನು ತಾಳೆಗರಿಗಳಿಂದ ಉದ್ಧರಿಸಿದ ಫ. ಗು. ಹಳಕಟ್ಟಿಯವರೂ ಧಾರವಾಡದಿಂದ ಮುಂಬಯಿಗೆ ಹೋಗಿ ಓದಿದವರು. ಅನ್ಯಭಾಷೆಯ ಮಹಾನಗರದಲ್ಲಿ ವಿದ್ಯೆ ಕಲಿತ ಅವರು ತಮ್ಮ ಭಾಷೆಯನ್ನು ಕೀಳೆಂದು ಮರೆಯಲಿಲ್ಲ. ವಕೀಲಿ ವೃತ್ತಿಯ ನಡುವೆಯೇ ಊರೂರು ತಿರುಗಿ ವಚನದ ಕಟ್ಟುಗಳನ್ನು ಸಂಗ್ರಹಿಸಿ, 1923ರಲ್ಲಿ ‘ವಚನ ಶಾಸ್ತ್ರಸಾರ’ವನ್ನು ಹೊರತಂದರು. ನಗರವು ಕೊಟ್ಟ ವಿದ್ಯೆಯಿಂದ ಊರಿನ ನಿಧಿಯನ್ನು ಗುರುತಿಸಿದುದು ಅವರ ವಿಶೇಷ.

ಪಂಚಾಚಾರಗಳ ಬೆಳಕಿನಲ್ಲಿ

ಲಿಂಗಾಚಾರ, ಸದಾಚಾರ, ಶಿವಾಚಾರ, ಭೃತ್ಯಾಚಾರ, ಗಣಾಚಾರ ಎಂಬ ಪಂಚಾಚಾರಗಳು ಭಕ್ತನ ಪಂಚಪ್ರಾಣಗಳೆನಿಸಿವೆ. ಇವು ಮಠದೊಳಗೆ ಮಾತ್ರ ಆಚರಿಸತಕ್ಕ ವಿಧಿಗಳೆಂದು ತಿಳಿಯುವುದು ತಪ್ಪು. ವಿದ್ಯಾರ್ಥಿಯ ಮೊದಲ ವರ್ಷಕ್ಕೆ ಇವುಗಳನ್ನು ಅನ್ವಯಿಸಿದರೆ ಪ್ರತಿಯೊಂದೂ ಒಂದೊಂದು ದಾರಿದೀಪವಾಗುವುದು.

ಮೊದಲನೆಯದು ಲಿಂಗಾಚಾರ. ಅಂಗದ ಮೇಲಿನ ಇಷ್ಟಲಿಂಗವನ್ನಲ್ಲದೆ ಅನ್ಯವನ್ನು ಅರಿಯದಿರುವ ಏಕನಿಷ್ಠೆಯೇ ಇದರ ತಿರುಳು. ಹೊಸ ಸ್ಥಳದಲ್ಲಿ ಮನಸ್ಸು ಹತ್ತು ಕಡೆಗೆ ಹರಿಯುವಾಗ, ದಿನದಲ್ಲಿ ಒಂದು ಹೊತ್ತಾದರೂ ಅದನ್ನು ಒಂದು ಕಡೆಗೆ ನಿಲ್ಲಿಸುವ ಅಭ್ಯಾಸವು ಬೇಕು. ಹಾಸ್ಟೆಲಿನ ಕೊಠಡಿಯಲ್ಲಿ ನಾಲ್ವರು ಇರುವಾಗ ಮನೆಯಂತೆ ಪೂಜೆಗೆ ಅನುಕೂಲವಿರಲಾರದು. ವಿಸ್ತಾರವಾದ ಸಾಮಗ್ರಿಯೂ ಬೇಕಿಲ್ಲ. ಇಷ್ಟಲಿಂಗವು ಕರಸ್ಥಲದಲ್ಲಿರುವುದೇ ದೇವಾಲಯವನ್ನು ಹುಡುಕಿ ಹೋಗಬೇಕಾಗದಿರಲೆಂದು. ಹತ್ತು ನಿಮಿಷಗಳ ನಿರೀಕ್ಷಣೆಯೇ ಸಾಕು. ಹಣೆಯ ವಿಭೂತಿಯನ್ನು ಯಾರಾದರೂ ನಕ್ಕಾರೆಂದು ಬಸ್ಸಿನಲ್ಲಿ ಒರೆಸಿಕೊಳ್ಳುವುದೂ ಬೇಡ. ಇತರರಿಗೆ ತೋರಿಸಲೆಂದು ಹೆಚ್ಚಾಗಿ ಬಳಿದುಕೊಳ್ಳುವುದೂ ಬೇಡ. ಮರೆಮಾಚುವವನಿಗೂ ಮೆರೆಸುವವನಿಗೂ ಕಣ್ಣು ಲಿಂಗದ ಮೇಲಿಲ್ಲ, ನೋಡುವವರ ಮೇಲಿದೆ. ಈ ಏಕನಿಷ್ಠೆಯು ಓದಿಗೂ ಸಲ್ಲುತ್ತದೆ. ಪುಸ್ತಕದ ಪಕ್ಕದಲ್ಲಿ ಮೊಬೈಲನ್ನು ಇಟ್ಟುಕೊಂಡು ಕ್ಷಣಕ್ಕೊಮ್ಮೆ ಅದರ ಮುಖವನ್ನು ನೋಡುವವನದು ಬಹುದೇವತಾರಾಧನೆಯಂತೆ. ಯಾವ ದೇವರೂ ಒಲಿಯುವುದಿಲ್ಲ.

ಎರಡನೆಯದು ಸದಾಚಾರ. ಸತ್ಯಶುದ್ಧವಾದ ಕಾಯಕದಿಂದ ಬದುಕುವುದೇ ಸದಾಚಾರ. ವಿದ್ಯಾರ್ಥಿಗೆ ಅಧ್ಯಯನವೇ ಕಾಯಕ. ಶರಣರು ಕಾಯಕಕ್ಕೆ ವಿಧಿಸಿದ ನಿಯಮಗಳೆಲ್ಲವೂ ಇದಕ್ಕೂ ಅನ್ವಯಿಸುವುವು: ಅದು ನಿತ್ಯವಾಗಿರಬೇಕು, ಸ್ವಂತದ್ದಾಗಿರಬೇಕು, ವಂಚನೆಯಿಲ್ಲದ್ದಾಗಿರಬೇಕು. ಇಂದಿನ ಪದವಿಯ ವ್ಯಾಸಂಗವು ಸೆಮಿಸ್ಟರುಗಳಲ್ಲಿ ನಡೆಯುವುದರಿಂದ ನಾಲ್ಕೈದು ತಿಂಗಳಿಗೊಮ್ಮೆ ಪರೀಕ್ಷೆಯು ಎದುರಾಗುತ್ತದೆ. ವರ್ಷದ ಕೊನೆಯಲ್ಲಿ ಒಂದು ತಿಂಗಳು ಕುಳಿತು ಓದಿದರಾಯಿತೆಂಬ ಹಳೆಯ ಲೆಕ್ಕವು ಇಲ್ಲಿ ನಡೆಯದು. ಶೇಕಡ 75ರಷ್ಟು ಹಾಜರಿಯಿಲ್ಲದೆ ಪರೀಕ್ಷೆಗೆ ಕುಳಿತುಕೊಳ್ಳುವ ಅರ್ಹತೆಯೂ ದೊರೆಯದು. ಒಂದು ವಿಷಯಕ್ಕೆ 60 ತರಗತಿಗಳು ನಡೆದರೆ 45ಕ್ಕೆ ಹಾಜರಿರಲೇಬೇಕು; ಉಳಿದ 15ರಲ್ಲಿಯೇ ಜ್ವರವೂ, ಜಾತ್ರೆಯೂ, ಬಂಧುಗಳ ಮದುವೆಯೂ ಮುಗಿಯಬೇಕು. ಈ ಲೆಕ್ಕವನ್ನು ಮೊದಲ ತಿಂಗಳಲ್ಲಿಯೇ ಬರೆದಿಟ್ಟುಕೊಳ್ಳುವುದು ಜಾಣತನ.

ಅನುಗೊಂಡನಹಳ್ಳಿಯಂತಹ ಊರಿನಿಂದ ದಿನವೂ ಹೋಗಿಬರುವವನಿಗೆ ದಾರಿಯಲ್ಲಿ ಮೂರು ಗಂಟೆ ಕಳೆದರೆ, ತಿಂಗಳಿಗೆ 25 ದಿನಗಳಂತೆ 75 ಗಂಟೆಗಳಾದವು. ಅದರಲ್ಲಿ ನಿಂತು ಪ್ರಯಾಣಿಸುವ ಕಾಲವನ್ನು ಬಿಟ್ಟು, ಕುಳಿತು ಹೋಗುವ ಅರ್ಧಭಾಗವನ್ನು ಓದಿಗೆ ಉಪಯೋಗಿಸಿದರೂ 37 ಗಂಟೆಗಳು ಉಳಿದಂತಾಯಿತು. ದಾರಿಯು ಹೊರೆಯೆಂದು ಗೊಣಗುವವನಿಗೆ ಅದು ಹೊರೆಯೇ ಸರಿ. ಕಾಯಕದ ಕಣ್ಣಿರುವವನಿಗೆ ಅದೇ ವಾಚನಾಲಯ. ಆದರೆ ಸಂಜೆ ದಣಿದು ಬಂದವನು ನಡುರಾತ್ರಿಯವರೆಗೆ ಕಣ್ಣುಕೆಡಿಸಿಕೊಳ್ಳುವುದು ಕಾಯಕವಲ್ಲ. ದೇಹವೂ ಶಿವನ ಒಡವೆ. ಅದಕ್ಕೆ ಸಲ್ಲಬೇಕಾದ ನಿದ್ದೆಯನ್ನು ಕದಿಯಲಾಗದು.

ಹಣದ ವಿಷಯದಲ್ಲಿಯೂ ಸದಾಚಾರವುಂಟು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನವರು ಅದನ್ನು ಒಪ್ಪದೆ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದುಬರುವಂತೆ ಹೇಳಿದರೆಂಬ ಕಥೆಯು ಎಲ್ಲರಿಗೂ ತಿಳಿದದ್ದು. ಬಡತನದಲ್ಲಿಯೂ ಅಳತೆಯನ್ನು ಮೀರದ ಆ ದಂಪತಿಗಳನ್ನು ನೆನೆದರೆ, ಗೆಳೆಯರ ಸರಿಸಮಾನನಾಗಿ ಕಾಣಬೇಕೆಂದು ಮೊಬೈಲಿನಲ್ಲಿ ಸಾಲ ತೆಗೆದು ಬೂಟು ಕೊಳ್ಳುವ ಮನಸ್ಸು ನಾಚುವುದು. ಅರ್ಹತೆಯಿದ್ದು ದೊರೆಯುವ ನೆರವನ್ನು ಪಡೆಯುವುದರಲ್ಲಿ ಮಾತ್ರ ಸಂಕೋಚವು ಬೇಡ. ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಲ್ಲಿ ಹಾಸ್ಟೆಲು ದೊರೆಯದವರಿಗೆ ಊಟ ವಸತಿಗಳ ಸಹಾಯಧನವನ್ನು ಕೊಡುವ ವಿದ್ಯಾಸಿರಿ ಯೋಜನೆಯನ್ನು ರಾಜ್ಯ ಸರ್ಕಾರವು 2013–14ರಲ್ಲಿ ಆರಂಭಿಸಿತು. 2023ರ ಜೂನ್ 11ರಂದು ಬಂದ ಶಕ್ತಿ ಯೋಜನೆಯು ವಿದ್ಯಾರ್ಥಿನಿಯರ ಬಸ್ಸಿನ ಖರ್ಚನ್ನು ಇಳಿಸಿದೆ. ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನವು ಯಾವುದೆಂದು ಕಾಲೇಜಿನ ಕಚೇರಿಯಲ್ಲಿ ವಿಚಾರಿಸಿ ತಿಳಿದುಕೊಳ್ಳುವುದು ಮೊದಲ ತಿಂಗಳ ಕೆಲಸ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಿಗಾಗಿ ನಾಡಕಚೇರಿಗೆ ಕೊನೆಯ ದಿನ ಓಡುವ ಪಾಡು ತಪ್ಪಬೇಕು.

ಮೂರನೆಯದು ಶಿವಾಚಾರ. ಶಿವಭಕ್ತರಲ್ಲಿ ಕುಲಭೇದವನ್ನೆಣಿಸದಿರುವುದೇ ಇದರ ಸ್ವರೂಪ. ಸಮಗಾರ ಹರಳಯ್ಯ, ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ ಮುಂತಾದ ಹಿರಿಯರನ್ನು ಬಂಧುಗಳೆಂದು ಅಪ್ಪಿಕೊಂಡ ಪರಂಪರೆಯಲ್ಲಿ ಹುಟ್ಟಿದವನು, ಕಾಲೇಜಿನಲ್ಲಿ ಮೊದಲು ಹುಡುಕುವುದು ತನ್ನ ಜಾತಿಯವರ ಗುಂಪನ್ನಾದರೆ, ಆ ಪರಂಪರೆಗೆ ಅದಕ್ಕಿಂತ ದೊಡ್ಡ ಅಪಚಾರವಿಲ್ಲ. ಪರಸ್ಥಳದಲ್ಲಿ ತನ್ನವರನ್ನು ಹುಡುಕುವುದು ಮನುಷ್ಯಸಹಜವೇ. ಆದರೆ ‘ತನ್ನವರು’ ಎಂಬ ಮಾತಿನ ವಿಸ್ತಾರವು ಎಷ್ಟೆಂಬುದನ್ನು ಅನುಭವ ಮಂಟಪವು ಎಂದೋ ತೋರಿಸಿಕೊಟ್ಟಿದೆ. ಅಲ್ಲಿ ನಾಡಿನ ನಾನಾ ಮೂಲೆಗಳಿಂದ, ನಾನಾ ಕಾಯಕಗಳಿಂದ ಬಂದವರು ಒಂದೆಡೆ ಕುಳಿತು ಅನುಭಾವವನ್ನು ನಡೆಸಿದರು. ಕಾಲೇಜಿನ ತರಗತಿಯು ಹಳ್ಳಿಯ ತರುಣನಿಗೆ ಒದಗಿದ ಮೊದಲ ಅನುಭವ ಮಂಟಪವಾಗಬಲ್ಲದು. ಕೊಠಡಿಯಲ್ಲಿ ಬೇರೆ ಧರ್ಮದ ಗೆಳೆಯನಿದ್ದರೆ ಅವನ ಪ್ರಾರ್ಥನೆಯ ಹೊತ್ತಿನಲ್ಲಿ ಮೌನವಾಗಿರುವುದು ಶಿವಾಚಾರವೇ ಆಗಿದೆ.

ನಾಲ್ಕನೆಯದು ಭೃತ್ಯಾಚಾರ. ಶಿವಶರಣರಿಗೆ ತಾನು ಕಿಂಕರನೆಂದು ತಿಳಿದು ವಿನಯದಿಂದಿರುವುದು ಇದರ ಅರ್ಥ. ವಿನಯಕ್ಕೂ ಕೀಳರಿಮೆಗೂ ಬಹಳ ಅಂತರವುಂಟು. ಮೊದಲ ವರ್ಷದ ಬಹುಪಾಲು ದುಃಖವು ಈ ಎರಡನ್ನೂ ಬೆರೆಸುವುದರಿಂದ ಹುಟ್ಟುವುದು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವನಿಗೆ ಅಧ್ಯಾಪಕರ ಇಂಗ್ಲಿಷ್ ಉಪನ್ಯಾಸವು ಮೊದಮೊದಲು ಅರ್ಥವಾಗದು. ಆಗ ಅವನು ಹಿಂದಿನ ಬೆಂಚಿಗೆ ಸರಿಯುತ್ತಾನೆ, ಬಾಯಿ ಕಟ್ಟಿಕೊಳ್ಳುತ್ತಾನೆ, ತನ್ನಲ್ಲಿ ಬುದ್ಧಿಯೇ ಇಲ್ಲವೆಂದು ನಿಶ್ಚಯಿಸಿಬಿಡುತ್ತಾನೆ. ಇದು ವಿನಯವಲ್ಲ, ತನ್ನೊಳಗಿನ ಚೈತನ್ಯಕ್ಕೆ ಮಾಡಿದ ಅಗೌರವ. ನಿಜವಾದ ವಿನಯವುಳ್ಳವನು ‘ಇದು ತಿಳಿಯಲಿಲ್ಲ, ಮತ್ತೊಮ್ಮೆ ಹೇಳಿರಿ’ ಎಂದು ಕೇಳಬಲ್ಲನು. ಏಕೆಂದರೆ ಅವನಿಗೆ ಕಾಪಾಡಿಕೊಳ್ಳಬೇಕಾದ ಡಂಭವೇ ಇರುವುದಿಲ್ಲ.

ಶರಣರು ಸಂಸ್ಕೃತದಲ್ಲಿ ಅಡಗಿದ್ದ ತತ್ತ್ವವನ್ನು ಜನರಾಡುವ ಕನ್ನಡದಲ್ಲಿ ಹೇಳಿದವರು. ಅರಿವು ಯಾವ ಒಂದು ಭಾಷೆಯ ಸೊತ್ತೂ ಅಲ್ಲವೆಂಬುದಕ್ಕೆ ವಚನಗಳೇ ಸಾಕ್ಷಿ. ಆದುದರಿಂದ ಇಂಗ್ಲಿಷಿನ ಮುಂದೆ ತಲೆತಗ್ಗಿಸಬೇಕಾಗಿಲ್ಲ; ಅದನ್ನು ಕಲಿಯಲು ಹಿಂಜರಿಯಬೇಕಾಗಿಯೂ ಇಲ್ಲ. ಅಭ್ಯಾಸಕ್ಕೆ ಒಂದು ಸುಲಭವಾದ ಕ್ರಮವುಂಟು. ನೋಟುಪುಸ್ತಕದ ಪ್ರತಿ ಹಾಳೆಯನ್ನು ಎರಡು ಭಾಗ ಮಾಡಿ, ಎಡಕ್ಕೆ ತರಗತಿಯಲ್ಲಿ ಕೇಳಿದ ಇಂಗ್ಲಿಷ್ ಪದವನ್ನೂ ವಾಕ್ಯವನ್ನೂ ಬರೆಯಬೇಕು. ಅದೇ ಸಂಜೆ ಬಲಕ್ಕೆ ಅದರ ಅರ್ಥವನ್ನು ಸ್ವಂತ ಕನ್ನಡದಲ್ಲಿ ಬರೆಯಬೇಕು. ಕನ್ನಡದಲ್ಲಿ ಬರೆಯಲಾಗದಿದ್ದರೆ ವಿಷಯವು ತಿಳಿದಿಲ್ಲವೆಂದು ತಿಳಿಯಬೇಕು. ಮರುದಿನದ ಪಾಠವನ್ನು ಹಿಂದಿನ ರಾತ್ರಿಯೇ ಒಮ್ಮೆ ಓದಿಕೊಂಡು ಹೋದರೆ ಉಪನ್ಯಾಸದಲ್ಲಿ ಬರುವ ಅರ್ಧ ಪದಗಳು ಪರಿಚಿತವಾಗಿರುತ್ತವೆ. ದಿನಕ್ಕೆ ಹತ್ತು ಪದಗಳಂತೆ ಕಲಿತವನಿಗೆ ನೂರು ದಿನಗಳಲ್ಲಿ ಸಾವಿರ ಪದಗಳು ಕೈವಶವಾಗುವುವು. ಒಂದು ವಿಷಯದ ಪಾಠವನ್ನು ಅನುಸರಿಸಲು ಅದು ಸಣ್ಣ ಬಂಡವಾಳವಲ್ಲ. ಕಲಾ ಮತ್ತು ವಾಣಿಜ್ಯ ವಿಭಾಗಗಳ ಅನೇಕ ಪತ್ರಿಕೆಗಳಿಗೆ ಕನ್ನಡದಲ್ಲಿ ಉತ್ತರಿಸುವ ಅವಕಾಶವೂ ಉಂಟು. ತನ್ನ ವಿಷಯಕ್ಕೆ ಅದು ಇದೆಯೇ ಎಂಬುದನ್ನು ಅಧ್ಯಾಪಕರಲ್ಲಿ ಕೇಳಿ ತಿಳಿಯಬೇಕು.

ಇಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು. ಊರಿನಲ್ಲಿ ಮೊದಲು ಓದಿದ ಅಣ್ಣಂದಿರು ಹೇಳುವ ನಿಯಮಗಳು ಈಗ ಬದಲಾಗಿರಬಹುದು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯವನ್ನು ಮೂರಾಗಿ ವಿಂಗಡಿಸಲಾಯಿತು; ಕೋಲಾರವು ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯದ ಕೇಂದ್ರವಾಯಿತು. 2021–22ರಲ್ಲಿ ಬಂದ ನಾಲ್ಕು ವರ್ಷಗಳ ಪದವಿಯ ಕ್ರಮವು ಹೋಗಿ, 2024–25ರಲ್ಲಿ ರಾಜ್ಯವು ಮತ್ತೆ ಮೂರು ವರ್ಷಗಳ ಕ್ರಮವನ್ನು ತಂದಿತು. ಆದುದರಿಂದ ಪ್ರೀತಿಯಿಂದ ಹೇಳಿದವರ ಮಾತನ್ನು ಗೌರವದಿಂದ ಕೇಳಿ, ನಿಯಮವನ್ನು ಮಾತ್ರ ಕಚೇರಿಯಲ್ಲಿಯೇ ತಿಳಿದುಕೊಳ್ಳುವುದು ಕ್ಷೇಮ.

ಐದನೆಯದು ಗಣಾಚಾರ. ಅಧರ್ಮವನ್ನೂ ನಿಂದೆಯನ್ನೂ ಸಹಿಸದೆ ಎದುರಿಸುವ ಧೈರ್ಯವೇ ಗಣಾಚಾರ. ಇದನ್ನು ಜಗಳವೆಂದು ತಿಳಿಯುವುದು ಅವಿವೇಕ. ಹೊಸಬರನ್ನು ಹಿಂಸಿಸಿ ನಗುವ ರ‍್ಯಾಗಿಂಗ್ ಎಂಬ ಕೆಟ್ಟ ಚಾಳಿಗೆ ಮಣಿಯುವುದು ತಾಳ್ಮೆಯಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2009ರಲ್ಲಿ ಇದರ ವಿರುದ್ಧ ಕಟ್ಟುನಿಟ್ಟಾದ ನಿಯಮಗಳನ್ನು ಮಾಡಿದೆ. 1800-180-5522 ಎಂಬ ಸಂಖ್ಯೆಗೆ ಯಾವ ಹೊತ್ತಿನಲ್ಲಿಯಾದರೂ ದೂರು ಹೇಳಬಹುದು. ತನಗಾದ ಹಿಂಸೆಯನ್ನು ತಿಳಿಸುವುದು ಹೇಡಿತನವಲ್ಲ. ಮುಂದೆ ಬರುವವರನ್ನು ಕಾಪಾಡುವ ಗಣಾಚಾರ. ಮರುವರ್ಷ ತಾನು ಹಿರಿಯ ವಿದ್ಯಾರ್ಥಿಯಾದಾಗ ಹೊಸಬರಿಗೆ ದಾರಿ ತೋರಿಸುವುದು ಇದರ ಉತ್ತರಾರ್ಧ. ಪೆಟ್ಟು ತಿಂದವನು ಪೆಟ್ಟು ಕೊಡುವ ಸರಪಣಿಯನ್ನು ಒಬ್ಬನು ಕಡಿದರೂ ಅದು ಅಲ್ಲಿಗೆ ಮುಗಿಯುವುದು.

ಸೋಲು ಮತ್ತು ಸತ್ಯ

ಇಷ್ಟಾದರೂ ಮೊದಲ ಸೆಮಿಸ್ಟರಿನಲ್ಲಿ ಒಂದೆರಡು ವಿಷಯಗಳು ಹೋಗಬಹುದು. ಈ ವರ್ಷದ ಅತ್ಯಂತ ಅಪಾಯಕರವಾದ ಘಳಿಗೆಯು ಫಲಿತಾಂಶವು ಬಂದ ಆ ಸಂಜೆಯೇ. ತಂದೆಯು ಹಸುವನ್ನು ಮಾರಿಯೋ, ಸಂಘದಲ್ಲಿ ಸಾಲ ತೆಗೆದೋ ಶುಲ್ಕ ಕಟ್ಟಿರುತ್ತಾನೆ. ತಾಯಿಯು ನೆರೆಹೊರೆಯವರ ಮುಂದೆ ಹೆಮ್ಮೆಯಿಂದ ಹೇಳಿಕೊಂಡಿರುತ್ತಾಳೆ. ಅವರ ಮುಖವನ್ನು ನೆನೆದ ಮಗನು ‘ಇನ್ನೂ ರಿಸಲ್ಟು ಬಂದಿಲ್ಲ’ ಎಂದುಬಿಡುತ್ತಾನೆ. ಅಲ್ಲಿಂದ ಮುಂದೆ ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಊರುಗೋಲಾಗುತ್ತದೆ. ಬೆಳಗ್ಗೆ ಬುತ್ತಿ ಕಟ್ಟಿಸಿಕೊಂಡು ಹೊರಡುವವನು ಕಾಲೇಜಿಗೆ ಹೋಗದೆ ಊರೂರು ಅಲೆದು ಸಂಜೆ ಹಿಂದಿರುಗುವ ಸ್ಥಿತಿಗೂ ಬರಬಹುದು. ಒಂದು ವಿಷಯದಲ್ಲಿ ಹೋದುದಕ್ಕೆ ಮುಂದಿನ ಪರೀಕ್ಷೆಯಲ್ಲಿ ಪರಿಹಾರವುಂಟು. ಬ್ಯಾಕ್ ಉಳಿದ ವಿಷಯವನ್ನು ಮತ್ತೆ ಬರೆದು ಮುಗಿಸಿದವರು ಪ್ರತಿ ಕಾಲೇಜಿನಲ್ಲಿಯೂ ಇದ್ದಾರೆ. ಆದರೆ ಮನೆಗೂ ಮಗನಿಗೂ ನಡುವೆ ಎದ್ದ ಸುಳ್ಳಿನ ಗೋಡೆಗೆ ಯಾವ ವಿಶ್ವವಿದ್ಯಾನಿಲಯವೂ ಮರುಪರೀಕ್ಷೆಯನ್ನು ಏರ್ಪಡಿಸುವುದಿಲ್ಲ.

ನಡೆ ನುಡಿ ಒಂದಾಗಿರಬೇಕೆಂಬುದು ಶರಣಧರ್ಮದ ಅಡಿಗಲ್ಲು. ಬಸವಣ್ಣನವರಂತಹ ಮಹಾನುಭಾವರೇ ತಮ್ಮ ಕುಂದುಗಳನ್ನು ತಮ್ಮ ವಚನಗಳಲ್ಲಿ ಎಲ್ಲರೆದುರು ತೆರೆದಿಟ್ಟರು. ಅದರಿಂದ ಅವರ ಗೌರವವು ಕುಂದಲಿಲ್ಲ. ಎಂಟು ಶತಮಾನಗಳಾಚೆಗೂ ಜನರು ಅವರನ್ನು ನಂಬುವುದಕ್ಕೆ ಆ ಪ್ರಾಮಾಣಿಕತೆಯೇ ಕಾರಣ. ಆದುದರಿಂದ ಫಲಿತಾಂಶವು ಬಂದ ದಿನವೇ, ಇದ್ದುದನ್ನು ಇದ್ದಂತೆ ಮನೆಯಲ್ಲಿ ಹೇಳತಕ್ಕದ್ದು: ಯಾವ ವಿಷಯ ಹೋಯಿತು, ಏಕೆ ಹೋಯಿತು, ಮುಂದೇನು ಮಾಡುವೆನು ಎಂಬ ಮೂರು ಮಾತುಗಳು ಸಾಕು. ಮನೆಯಲ್ಲಿ ಹೇಳಲು ಬಾಯಿ ಬಾರದಿದ್ದರೆ ಅಕ್ಕನಲ್ಲಿಯೋ, ಸೋದರಮಾವನಲ್ಲಿಯೋ, ಅಧ್ಯಾಪಕರಲ್ಲಿಯೋ, ಮಠದ ಹಿರಿಯರಲ್ಲಿಯೋ ಮೊದಲು ಹೇಳಿ, ಅವರನ್ನು ಜೊತೆಗೆ ಕರೆದುಕೊಂಡು ಹೋಗಬಹುದು. ಬಾಲಕ ಬಸವರಸನಿಗೆ ಅಕ್ಕ ನಾಗಮ್ಮನವರು ಇದ್ದಂತೆ ಪ್ರತಿಯೊಬ್ಬನಿಗೂ ಅಂತಹ ಒಬ್ಬರು ಇರಲೇಬೇಕು.

ಕೆಲವರಿಗೆ ದುಃಖವು ಇದಕ್ಕೂ ಆಳವಾಗಿ ಇಳಿಯುವುದುಂಟು. ಊಟ ಬೇಡವಾಗುವುದು, ನಿದ್ದೆ ಬಾರದಿರುವುದು, ಯಾರೊಡನೆಯೂ ಮಾತು ಬೇಡವೆನಿಸುವುದು, ಬದುಕೇ ಬೇಸರವಾಗುವುದು—ಇವು ವಾರಗಟ್ಟಲೆ ನಡೆದರೆ ಅದನ್ನು ಸೋಮಾರಿತನವೆಂದೋ ಭಕ್ತಿಯ ಕೊರತೆಯೆಂದೋ ಜರೆಯಬಾರದು. ಜ್ವರ ಬಂದವನನ್ನು ವೈದ್ಯರಲ್ಲಿಗೆ ಕರೆದೊಯ್ಯುವಂತೆ ಇದಕ್ಕೂ ಚಿಕಿತ್ಸೆಯನ್ನು ಕೊಡಿಸಬೇಕು. ಮನಸ್ಸಿನ ಸಂಕಟಗಳಿಗೆ ನೆರವಾಗಲೆಂದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಉಚಿತ ಸೇವೆಗೆ 14416 ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ಪರೀಕ್ಷೆಗಳು ವರ್ಷಕ್ಕೆ ಎರಡು ಬಾರಿ ಬರುತ್ತವೆ. ಪ್ರಾಣಲಿಂಗವನ್ನು ಧರಿಸಿದ ಈ ಕಾಯವು ಮತ್ತೆ ಬರುವುದಿಲ್ಲ.

ಮನೆಯವರ ಕರ್ತವ್ಯ

ಈ ಪಾಠವು ವಿದ್ಯಾರ್ಥಿಗೆ ಮಾತ್ರ ಸಲ್ಲುವುದಲ್ಲ. ಮಗನು ಸತ್ಯವನ್ನು ಹೇಳಬೇಕಾದರೆ ಸತ್ಯವನ್ನು ಕೇಳುವ ಕಿವಿಯು ಮನೆಯಲ್ಲಿರಬೇಕು. ಸೋಲಿನ ಸುದ್ದಿ ತಂದ ಮಗನನ್ನು ಎದುರುಮನೆಯ ಹುಡುಗನೊಡನೆ ಹೋಲಿಸಿ ಹಳಿಯುವ ತಂದೆಯು, ಮುಂದಿನ ಸಲ ಸುಳ್ಳು ಹೇಳುವಂತೆ ತಾನೇ ಮಗನಿಗೆ ಕಲಿಸಿಕೊಟ್ಟಂತಾಗುವುದು. ಸಂಜೆ ಬಂದ ಮಗನನ್ನು ‘ಎಷ್ಟು ಮಾರ್ಕು’ ಎಂದು ಕೇಳುವ ಮೊದಲು ‘ಊಟ ಮಾಡಿದೆಯಾ, ಇಂದು ಏನು ಕಲಿತೆ’ ಎಂದು ಕೇಳುವ ರೂಢಿಯು ಮನೆಯಲ್ಲಿರಲಿ. ದಿನವೂ ಹೋಗಿಬರುವ ಮಗನು ಮನೆಗೇ ಬಂದನೆಂಬ ಕಾರಣಕ್ಕೆ ಹೊಲದ ಕೆಲಸ, ಹಸುವಿನ ಕೆಲಸಗಳೆಲ್ಲವನ್ನೂ ಅವನ ಮೇಲೆ ಹೊರಿಸುವುದು ನ್ಯಾಯವಲ್ಲ. ಹಾಗೆಂದು ಯಾವ ಕೆಲಸವನ್ನೂ ಮುಟ್ಟಗೊಡದೆ ಅವನನ್ನು ಮನೆಯ ಅತಿಥಿಯನ್ನಾಗಿ ಮಾಡುವುದೂ ಹಿತವಲ್ಲ. ಒಂದು ಹೊತ್ತಿನ ಕೆಲಸವನ್ನು ಅವನಿಗೆ ಗೊತ್ತುಮಾಡಿ, ಉಳಿದ ಹೊತ್ತನ್ನು ಓದಿಗೆ ಬಿಡುವುದು ಮಧ್ಯಮ ಮಾರ್ಗ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು: ಅಡಿಗೆಮನೆಯ ಕೆಲಸವೆಲ್ಲವನ್ನೂ ಮುಗಿಸಿ ಉಳಿದ ಕಾಲದಲ್ಲಿ ಓದಿಕೊಳ್ಳಲೆಂದು ಮಗಳಿಗೆ ಹೇಳಿ, ಮಗನಿಗೆ ಆ ನಿಯಮವನ್ನು ಹಾಕದ ಮನೆಯು ಮಹಾದೇವಿಯಕ್ಕನವರ ಹೆಸರನ್ನು ಹೇಳಲು ಅರ್ಹವಲ್ಲ.

ವಿದ್ಯೆಯ ಕೊನೆಯ ಮೆಟ್ಟಿಲು ದಾಸೋಹ. ಕಾಯಕದಿಂದ ಬಂದುದನ್ನು ಹಂಚಿ ಉಣ್ಣುವುದು ಹೇಗೆ ಧರ್ಮವೋ, ಓದಿನಿಂದ ಬಂದುದನ್ನು ಹಂಚಿ ಬಾಳುವುದೂ ಹಾಗೆಯೇ ಧರ್ಮ. ಅದಕ್ಕಾಗಿ ಪದವಿಯು ಮುಗಿಯುವವರೆಗೆ ಕಾಯಬೇಕಾಗಿಲ್ಲ. ಮೊದಲ ವರ್ಷದಲ್ಲಿಯೇ ಭಾನುವಾರದಂದು ಒಂದು ಗಂಟೆ, ಊರಿನ ಹತ್ತನೆಯ ತರಗತಿಯ ಇಬ್ಬರು ಮಕ್ಕಳಿಗೆ ಲೆಕ್ಕವನ್ನೋ ಇಂಗ್ಲಿಷನ್ನೋ ಹೇಳಿಕೊಡಬಹುದು. ಕಲಿಸುವವನ ಕಲಿಕೆಯು ಗಟ್ಟಿಯಾಗುವುದು. ಕಾಲೇಜಿನಲ್ಲಿ ಕಳೆದುಕೊಂಡೆನೆಂದು ಭಾವಿಸಿದ್ದ ಆತ್ಮವಿಶ್ವಾಸವು ಊರಿನ ಜಗಲಿಯ ಮೇಲೆ ಮರಳಿ ದೊರೆಯುವುದು. ಎರಡು ಲೋಕಗಳ ನಡುವೆ ಅಲೆಯುತ್ತಿದ್ದವನು ಹೀಗೆ ಅವೆರಡಕ್ಕೂ ಸೇತುವೆಯಾಗುವನು.

ಶಿವಾನುಭವಗೋಷ್ಠಿಯಲ್ಲಿ ಚಿಂತಿಸತಕ್ಕ ಪ್ರಶ್ನೆಗಳು

1. ವಿನಯಕ್ಕೂ ಕೀಳರಿಮೆಗೂ ಇರುವ ವ್ಯತ್ಯಾಸವೇನು? ಭೃತ್ಯಾಚಾರವು ಯಾವುದನ್ನು ಬೋಧಿಸುತ್ತದೆ?

2. ಅಧ್ಯಯನವನ್ನು ಕಾಯಕವೆಂದು ಒಪ್ಪಿದರೆ, ಪರೀಕ್ಷೆಯಲ್ಲಿ ನಕಲು ಮಾಡುವುದು ಯಾವ ಆಚಾರಕ್ಕೆ ವಿರುದ್ಧವಾಗುವುದು?

3. ಕಾಲೇಜಿನಲ್ಲಿ ಜಾತಿಯ ಗುಂಪುಗಳು ಏಕೆ ಹುಟ್ಟುತ್ತವೆ? ಶಿವಾಚಾರವನ್ನು ನಂಬುವವನು ಅಲ್ಲಿ ಹೇಗೆ ನಡೆಯಬೇಕು?

4. ಸೋಲಿನ ಸುದ್ದಿಯನ್ನು ಮಕ್ಕಳು ನಿರ್ಭಯವಾಗಿ ಹೇಳುವಂತಹ ಮನೆಯನ್ನು ಕಟ್ಟುವ ಬಗೆ ಹೇಗೆ?

5. ಈ ವರ್ಷ ಊರಿನಿಂದ ಕಾಲೇಜಿಗೆ ಸೇರಿದ ಮಕ್ಕಳು ಎಷ್ಟು ಮಂದಿ? ಅವರಲ್ಲಿ ಒಬ್ಬೊಬ್ಬರನ್ನೂ ತಿಂಗಳಿಗೊಮ್ಮೆ ಮಾತನಾಡಿಸುವ ಹೊಣೆಯನ್ನು ಯಾರು ಹೊರುವರು?

ಕೊನೆಯ ಪ್ರಶ್ನೆಗೆ ಮಾತಿನಲ್ಲಿ ಉತ್ತರ ಕೊಟ್ಟರೆ ಸಾಲದು. ಹೆಸರನ್ನು ಗೊತ್ತುಮಾಡಿಯೇ ಗೋಷ್ಠಿಯಿಂದ ಏಳತಕ್ಕದ್ದು. ಅರಿವನ್ನು ಅರಸಿ ಹೊರಟ ಎಳೆಯರ ದಾರಿಯು ಸುಗಮವಾಗಲಿ. ಅವರ ಓದು ಆಚಾರವಾಗಿ, ಆಚಾರವು ದಾಸೋಹವಾಗಿ ಫಲಿಸಲಿ.